ಡಬ್ಬದ ಹಿಂಬದಿ ಓದಿ: ಬೈಕಿಗೆ ಯಾವ ಎಂಜಿನ್ ಆಯಿಲ್?

(ಮೈಸೂರಿನಲ್ಲಿ ಒಂದು ಭಾನುವಾರ ಬೆಳಗ್ಗೆ ಬೈಕ್ ಸವಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ದೋಸೆ ಬಿಟ್ಟು ಎಂಜಿನ್ ಆಯಿಲ್ ಬಗ್ಗೆ ಕೇಳೋಕೆ ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸ್ಪೇರ್ ಪಾರ್ಟ್ಸ್ ಅಂಗಡಿ ಕೌಂಟರಿನಲ್ಲಿ ನಿಂತವನಿಗೆ ಬರುವ ಪ್ರಶ್ನೆ ಎರಡೇ. ಒಂದು, "ಯಾವ ಕಂಪನಿದು ಒಳ್ಳೇದು?" ಇನ್ನೊಂದು, "ಎಷ್ಟು?" ನನ್ನ ಬೈಕಿಗೆ ಯಾವುದು ಬೇಕು ಅಂತ ಕೇಳುವವರು ಅಪರೂಪ. ಡಬ್ಬ ಮಾಡುವವರಿಗೂ ಇದು ಗೊತ್ತು. ಅದಕ್ಕೇ ಮುಂಬದಿಯಲ್ಲಿ ಗಾಳಿಯಲ್ಲಿ ಹಾರುವ ಬೈಕು, ಬೆಂಕಿ, ಸಿಡಿಲು ಎಲ್ಲ ಇರುತ್ತೆ. ನಮಗೆ ಬೇಕಾದ ಮೂರು ಮಾತು ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತವೆ. ಇವತ್ತು ಆ ಹಿಂಬದಿಯನ್ನು ಓದೋಣ.

ಎಲ್ಲಕ್ಕಿಂತ ಮೊದಲು ಕ್ಲಚ್ ವಿಷಯ. ಆಯಿಲ್ ಬಗ್ಗೆ ಮಾತಾಡುವವರೆಲ್ಲ ಪಿಸ್ಟನ್, ಬೋರ್ ಅಂತ ಶುರು ಮಾಡುತ್ತಾರೆ. ಬೈಕಿನ ಮಟ್ಟಿಗೆ ನಿಜವಾಗಿ ಆಯಿಲ್ ಆಯ್ಕೆ ಮಾಡುವುದು ಕ್ಲಚ್ಚು. ಕಾರಿನಲ್ಲಿ ಎಂಜಿನ್‌ಗೆ ಒಂದು ಆಯಿಲ್, ಗೇರ್‌ಬಾಕ್ಸಿಗೆ ಇನ್ನೊಂದು. ಗೇರ್ ಕಾರಿನ ಮಾಮೂಲಿ ಕ್ಲಚ್ಚಂತೂ ಒಣ, ಅದಕ್ಕೆ ಎಣ್ಣೆ ಸೋಕಲೇಬಾರದು. ನಮ್ಮ ಸಾಮಾನ್ಯ ಗೇರ್ ಬೈಕಿನಲ್ಲಿ ಹಾಗಲ್ಲ. ಪಿಸ್ಟನ್ನು, ಗೇರುಗಳು, ಕ್ಲಚ್ ಪ್ಲೇಟುಗಳು ಎಲ್ಲಕ್ಕೂ ಅದೇ ಒಂದು ಲೀಟರ್ ಆಯಿಲ್. ಕ್ಲಚ್ ಪ್ಲೇಟ್ ಕೆಲಸ ಏನು? ಒಂದನ್ನೊಂದು ಕಚ್ಚಿ ಹಿಡಿಯುವುದು. ಆಯಿಲ್ ಕೆಲಸ ಏನು? ಜಾರಿಸುವುದು. ಈ ಎರಡನ್ನೂ ಒಂದೇ ಡಬ್ಬಿಯೊಳಗೆ ಹಾಕಿ ಸಂಸಾರ ಮಾಡಿ ಅಂದಿದ್ದಾರೆ ಬೈಕ್ ಮಾಡಿದವರು.

ಇದರಿಂದ ಒಂದು ತಕರಾರು ಬಂತು. ಕಾರಿನ ಮೈಲೇಜ್ ಹೆಚ್ಚಿಸಬೇಕು ಅಂತ ಆಯಿಲ್ ಕಂಪನಿಗಳು ತಿಕ್ಕಾಟ ಕಡಿಮೆ ಮಾಡುವ ರಾಸಾಯನಿಕಗಳನ್ನು ಸೇರಿಸತೊಡಗಿದವು. ಕಾರಿಗೆ ಅದು ಬಹಳ ಒಳ್ಳೇದು. ಬೈಕಿಗೆ ಹಾಕಿದರೆ ಕ್ಲಚ್ ಪ್ಲೇಟು ಜಾರುವ ಅಪಾಯ. ಆಗ ಜಪಾನಿನವರು ಬೈಕಿಗೇ ಅಂತ ಬೇರೆ ಅಳತೆಗೋಲು ಮಾಡಿದರು. ಅದು 1998ರಲ್ಲಿ ಬಂದ ಜಾಸೋ ಟಿ903. ಇದರಲ್ಲಿ ಆಯಿಲನ್ನು ಕ್ಲಚ್ ಪ್ಲೇಟಿನ ಜೊತೆಗೇ ಪರೀಕ್ಷೆ ಮಾಡುತ್ತಾರೆ. ಪ್ಲೇಟು ಜಾರುತ್ತಾ, ಹಿಡಿಯುತ್ತಾ, ಹಿಡಿಯೋಕೆ ಎಷ್ಟು ಹೊತ್ತು ಬೇಕು ಅಂತ ನೋಡಿ ದರ್ಜೆ ಕೊಡುತ್ತಾರೆ. ಚೆನ್ನಾಗಿ ಹಿಡಿದರೆ ಎಂಎ. ತಿಕ್ಕಾಟ ಕಡಿಮೆ ಇದ್ದರೆ ಎಂಬಿ. 2006ರಲ್ಲಿ ಎಂಎಯನ್ನೇ ಒಡೆದು ಎಂಎ1, ಎಂಎ2 ಮಾಡಿದರು. ಎಂಎ2 ಅಂದರೆ ಹಿಡಿತ ಜಾಸ್ತಿ.

ಡಬ್ಬದ ಹಿಂದೆ ಒಂದು ಪುಟ್ಟ ಚೌಕದೊಳಗೆ ಜಾಸೋ ಅಂತ ಇದೆಯಾ ನೋಡಿ. ಗೇರ್ ಬೈಕ್ ಇದ್ದವರು ಎಂಎ ಅಥವಾ ಎಂಎ2 ಹುಡುಕಿ. ಒಂದು ವಿನಾಯಿತಿ ಇದೆ. ಕೆಲವು ಗೇರ್ ಬೈಕುಗಳ ಜೊತೆ ಬರುವ ಪುಸ್ತಕದಲ್ಲಿ ಕಂಪನಿಯವರೇ ಎಂಬಿ ಅಂತ ಬರೆದಿರುತ್ತಾರೆ. ಅವರು ಕ್ಲಚ್ ಪ್ಲೇಟು, ಸ್ಪ್ರಿಂಗ್ ಎಲ್ಲ ಆ ಆಯಿಲಿಗೇ ಹೊಂದಿಸಿರುತ್ತಾರೆ. ಅಲ್ಲಿ ನನ್ನ ಮಾತು ಬಿಡಿ, ಪುಸ್ತಕದ ಮಾತು ಕೇಳಿ.

ತಪ್ಪು ಆಯಿಲ್ ಬಿದ್ದಿದೆ ಅಂತ ಗೊತ್ತಾಗೋದು ಹೇಗೆ? ಮೈಸೂರಿನವರಿಗೆ ಇದಕ್ಕೆ ಲ್ಯಾಬ್ ಬೇಡ, ಚಾಮುಂಡಿ ಬೆಟ್ಟ ಇದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೂರನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಜೋರಾಗಿ ತಿರುಗಿಸಿ. ಎಂಜಿನ್ ಸದ್ದು ಮಾತ್ರ ಏರುತ್ತಿದೆ, ಬೈಕ್ ಮುಂದಕ್ಕೆ ಎಳೆಯುತ್ತಿಲ್ಲ ಅಂದ್ರೆ ಕ್ಲಚ್ ಜಾರುತ್ತಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆಯೂ ಬರಬಹುದು. ಎಲ್ಲ ಸಲವೂ ಆಯಿಲ್ ಕಾರಣ ಅಲ್ಲ. ಪ್ಲೇಟು ಸವೆದಿರಬಹುದು, ಕ್ಲಚ್ ಕೇಬಲ್ ತೀರಾ ಬಿಗಿ ಮಾಡಿರಬಹುದು. ಆದರೆ ಆಯಿಲ್ ಬದಲಿಸಿದ ಮೇಲೇ ಇದು ಶುರುವಾಗಿದ್ದರೆ ಮೊದಲು ಡಬ್ಬ ಯಾವುದಿತ್ತು ನೋಡಿ.

ಸ್ಕೂಟರಿನವರಿಗೆ ಈ ಗೋಜಿಲ್ಲ. ಅದರ ಕ್ಲಚ್ ಹಿಂದಿನ ಚಕ್ರದ ಹತ್ತಿರ ಒಣಗಿಕೊಂಡೇ ಇರುತ್ತೆ. ಅದಕ್ಕೇ ಸ್ಕೂಟರಿಗೆ ಎಂಬಿ. ಆದರೆ ಸ್ಕೂಟರಿನಲ್ಲಿ ಹಿಂಬದಿ ಗೇರಿಗೆ ಅಂತ ಬೇರೆ ಆಯಿಲ್ ಇರುತ್ತೆ, ಚಿಕ್ಕ ಲೋಟದಷ್ಟು. ಅದನ್ನು ಬದಲಿಸೋದು ಬಹಳ ಜನಕ್ಕೆ ಮರೆತೇ ಹೋಗಿರುತ್ತೆ. ಮುಂದಿನ ಸರ್ವಿಸಿನಲ್ಲಿ ಕೇಳಿ.

ಈಗ ಎರಡನೇ ಮಾತು, ನಂಬರು. 10ಡಬ್ಲ್ಯು-30, 15ಡಬ್ಲ್ಯು-50, 20ಡಬ್ಲ್ಯು-50. ಇದು ಆಯಿಲ್ ಎಷ್ಟು ಮಂದ ಅನ್ನೋ ಲೆಕ್ಕ. ಮಂಡ್ಯದ ಕಡೆಯವರು ಆಲೆಮನೆ ನೋಡಿರುತ್ತೀರಿ. ಕೊಪ್ಪರಿಗೆಯಲ್ಲಿ ಕುದಿಯುವಾಗ ಪಾಕ ಸಲೀಸಾಗಿ ಹರಿಯುತ್ತೆ, ಆರಿದರೆ ಗಟ್ಟಿ. ಎಣ್ಣೆಯೂ ಹಾಗೇ. ತಣ್ಣಗಿದ್ದಾಗ ಮಂದ, ಕಾದಾಗ ತೆಳು. ಆದರೆ ಎಂಜಿನ್‌ಗೆ ಬೇಕಾದ್ದು ತಣ್ಣಗಿದ್ದಾಗಲೂ ತೀರಾ ಮಂದ ಆಗದ, ಕಾದಾಗಲೂ ತೀರಾ ತೆಳು ಆಗದ ಎಣ್ಣೆ. ಅದಕ್ಕೇ ಎರಡು ನಂಬರು. ಡಬ್ಲ್ಯು ಜೊತೆಗಿರುವುದು ಚಳಿಯ ಲೆಕ್ಕ. ಗೆರೆ ಆದಮೇಲೆ ಬರುವುದು ಬಿಸಿಯ ಲೆಕ್ಕ, 100 ಡಿಗ್ರಿಯಲ್ಲಿ ಅಳೆದದ್ದು.

ಚಳಿ ಅಂದ್ರೆ ಎಂಥಾ ಚಳಿ ಗೊತ್ತಾ? 20ಡಬ್ಲ್ಯು ಆಯಿಲಿನಲ್ಲಿ ಎಂಜಿನ್ ತಿರುಗುತ್ತಾ ಅಂತ ಪರೀಕ್ಷೆ ಮಾಡೋದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. 10ಡಬ್ಲ್ಯುಗೆ 25 ಡಿಗ್ರಿ ಕೆಳಗೆ. ಮೈಸೂರಿನಲ್ಲಿ ಜನವರಿ ಬೆಳಗ್ಗೆ 15, 16 ಡಿಗ್ರಿ ಆದರೆ ನಾವು ಸ್ವೆಟರ್, ಮಂಕಿ ಕ್ಯಾಪ್ ಹುಡುಕುತ್ತೇವೆ. ಹಾಗಾಗಿ "ಚಳಿಗಾಲಕ್ಕೆ ಒಂದು, ಬೇಸಿಗೆಗೆ ಒಂದು" ಅಂತ ಆಯಿಲ್ ಬದಲಿಸುವ ಅಗತ್ಯ ನಮ್ಮೂರಿನಲ್ಲಿ ಇಲ್ಲವೇ ಇಲ್ಲ. ಡಬ್ಲ್ಯು ನಂಬರ್ ಚಿಕ್ಕದಾದಷ್ಟೂ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಬೇಗ ಮೇಲಕ್ಕೆ, ಎಂಜಿನ್ನಿನ ತಲೆಭಾಗವಾದ ಹೆಡ್ಡಿನವರೆಗೂ ಹೋಗುತ್ತೆ. ನಮಗೆ ಸಿಗುವ ಲಾಭ ಅಷ್ಟು. ಸಣ್ಣದಲ್ಲ ಅದು. ಎಂಜಿನ್ ಸವೆತದಲ್ಲಿ ಒಳ್ಳೇ ಪಾಲು ತಣ್ಣಗೆ ಸ್ಟಾರ್ಟ್ ಮಾಡಿದಾಗಲೇ ಆಗೋದು.

ಗೆರೆ ಆದಮೇಲಿನ ನಂಬರಿನಲ್ಲಿ ಮಾತ್ರ ಹುಡುಗಾಟ ಬೇಡ. 30 ಅಂದರೆ ಬಿಸಿಯಲ್ಲಿ ಆ ಎಣ್ಣೆಯ ಮಂದತೆ 9.3ರಿಂದ 12.5ರ ಒಳಗೆ ಇರಬೇಕು. ಅಳತೆಯ ಹೆಸರು ಸೆಂಟಿಸ್ಟೋಕ್, ಹೆಸರು ಮರೆತರೂ ಪರವಾಗಿಲ್ಲ. 50 ಅಂದರೆ 16.3ರಿಂದ 21.9. ಅಂದರೆ 50 ಅನ್ನೋದು 30ಕ್ಕಿಂತ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಮಂದ. ಸ್ಪ್ಲೆಂಡರ್‌ಗೆ ಕಂಪನಿ ಹೇಳಿರೋದು 10ಡಬ್ಲ್ಯು-30. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಗೆ 15ಡಬ್ಲ್ಯು-50. ಪಲ್ಸರ್ 150ರ ಹಳೇ ಗಾಡಿಗಳಿಗೆ 20ಡಬ್ಲ್ಯು-50. ಒಂದೇ ರಸ್ತೆಯಲ್ಲಿ, ಒಂದೇ ಬಿಸಿಲಲ್ಲಿ ಓಡುವ ಮೂರು ಬೈಕಿಗೆ ಯಾಕೆ ಹೀಗೆ? ಬೇರಿಂಗ್ ಎಷ್ಟು ಬಿಗಿ, ಆಯಿಲ್ ಹೋಗುವ ತೂತು ಎಷ್ಟು ಸಣ್ಣದು, ಪಂಪ್ ಎಷ್ಟು ತಳ್ಳುತ್ತೆ, ಎಂಜಿನ್ ಎಷ್ಟು ಕಾಯುತ್ತೆ, ಎಲ್ಲ ಲೆಕ್ಕ ಹಾಕಿ ಅವರು ನಂಬರ್ ಕೊಟ್ಟಿರುತ್ತಾರೆ.

"ಮಂದ ಇದ್ರೆ ಎಂಜಿನ್‌ಗೆ ಒಳ್ಳೇದು" ಅನ್ನೋದು ನಮ್ಮ ಕಡೆ ಬಹಳ ಗಟ್ಟಿಯಾದ ನಂಬಿಕೆ. ಸ್ಪ್ಲೆಂಡರ್‌ಗೆ 20ಡಬ್ಲ್ಯು-50 ಬಿಟ್ಟರೆ ಎಂಜಿನ್ ಸದ್ದು ಸ್ವಲ್ಪ ಕಮ್ಮಿ ಆಗುತ್ತೆ, ನಿಜ. ಸದ್ದು ಕಮ್ಮಿ ಆಯ್ತು ಅಂತ ಖುಷಿಪಡುತ್ತಾರೆ. ಪಿಕಪ್ ಮತ್ತು ಮೈಲೇಜ್ ಸ್ವಲ್ಪ ಸ್ವಲ್ಪವೇ ಇಳಿಯೋದು ಗಮನಕ್ಕೆ ಬರಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹೆಡ್ಡಿಗೆ ಎಣ್ಣೆ ತಡವಾಗಿ ಹೋಗೋದಂತೂ ಯಾರಿಗೂ ಕಾಣಲ್ಲ. ತುಂಬಾ ಓಡಿ ಸವೆದ ಎಂಜಿನ್, ಆಯಿಲ್ ಕುಡಿಯುತ್ತಿದೆ, ಬಿಚ್ಚಿ ಕೆಲಸ ಮಾಡಿಸೋಕೆ ಈಗ ದುಡ್ಡಿಲ್ಲ ಅನ್ನುವವರು ಒಂದು ಮೆಟ್ಟಿಲು ಮಂದದ್ದು ಹಾಕಿ ಕೆಲವು ತಿಂಗಳು ತಳ್ಳಬಹುದು. ಅದು ತಳ್ಳೋ ಉಪಾಯ ಅಷ್ಟೇ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ನೋಡಿಸಿ. ಎಳೆಯುವಾಗಲೆಲ್ಲ ಬರುತ್ತಿದ್ದರೆ ಪಿಸ್ಟನ್ ರಿಂಗು, ಬೋರು ನೋಡಿಸಿ.

ಮೂರನೇ ಮಾತು ಎಪಿಐ, ಅಂದರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯೊಂದು ಕೊಡುವ ದರ್ಜೆ. ಎಸ್‌ಎಲ್, ಎಸ್‌ಎಂ, ಎಸ್‌ಎನ್ ಅಂತ ಇರುತ್ತೆ. ಎಸ್ ಅಂದರೆ ಪೆಟ್ರೋಲ್ ಎಂಜಿನ್, ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸ ಮಾನದಂಡ. ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಪುಸ್ತಕದಲ್ಲಿ ಇರುವುದು ಅಥವಾ ಅದಕ್ಕಿಂತ ಹೊಸದು ಹಾಕಬಹುದು. ಜಾಸೋ ಎಂಎ ಜೊತೆಗಿದ್ದರೆ ಮಾತ್ರ. ಎಸ್‌ಪಿ ಅಂತ ದೊಡ್ಡದಾಗಿ ಬರೆದು ಜಾಸೋ ಸುದ್ದಿಯೇ ಇಲ್ಲದಿದ್ದರೆ ಅದು ಕಾರಿನ ಆಯಿಲ್. ಕಾರಿನ ತೆಳು ಆಯಿಲ್‌ಗಳಲ್ಲಿ ರಂಜಕ 0.08 ಶೇಕಡಾ ದಾಟಬಾರದು ಅಂತ ಮಿತಿ ಇದೆ, ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ. ಬೈಕಿನ ಆಯಿಲಿಗೆ ಜಾಸೋ 0.08ರಿಂದ 0.12ರವರೆಗೆ ಇರಲಿ ಅನ್ನುತ್ತೆ. ಗೇರ್ ಹಲ್ಲು ಸವೆಯದಂತೆ ಕಾಯೋದು ಅದೇ ರಂಜಕದ ಸಂಯುಕ್ತ.

ಸಿಂಥೆಟಿಕ್ ಬೇಕಾ, ಮಿನರಲ್ ಸಾಕಾ? ಮಿನರಲ್ ಅಂದರೆ ಕಚ್ಚಾ ತೈಲವನ್ನು ಸಂಸ್ಕರಿಸಿ ತೆಗೆದ ಮಾಮೂಲಿ ಎಣ್ಣೆ, ಸಿಂಥೆಟಿಕ್ ಅಂದರೆ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ್ದು. ಇದನ್ನು ಕೇಳೋಕೇ ಕೆಲವರು ಬಂದಿದ್ದೀರಿ, ಗೊತ್ತು. ನನ್ನ ಉತ್ತರ ಸ್ವಲ್ಪ ನಿರಾಸೆ ಮಾಡುತ್ತೆ. ಮೇಲಿನ ಮೂರೂ ಸರಿಯಿದ್ದರೆ ಮನೆಯಿಂದ ಆಫೀಸಿಗೆ ಹೋಗಿಬರುವ 100 ಸಿಸಿ ಗಾಡಿಗೆ ಮಿನರಲ್ ಧಾರಾಳ ಸಾಕು. ಸಿಂಥೆಟಿಕ್ ಬಿಸಿಯನ್ನು ಹೆಚ್ಚು ತಡೆಯುತ್ತೆ, ಬೇಗ ಕೆಡಲ್ಲ, ಅದರಲ್ಲಿ ಅನುಮಾನ ಇಲ್ಲ. ಜಾಸ್ತಿ ಆರ್‌ಪಿಎಂನಲ್ಲಿ ಓಡುವ ಲಿಕ್ವಿಡ್ ಕೂಲ್ಡ್ ಗಾಡಿಗೆ ಕಂಪನಿಯೇ ಸಿಂಥೆಟಿಕ್ ಹೇಳಿದ್ದರೆ ಅದರಲ್ಲಿ ಜಿಪುಣತನ ಮಾಡಬೇಡಿ. ಆದರೆ ಹೆಸರಿಗೆ ಮರುಳಾಗಬೇಡಿ. ಕಚ್ಚಾ ತೈಲದಿಂದಲೇ ಬಂದು, ಜಲಜನಕದ ಜೊತೆ ಚೆನ್ನಾಗಿ ಸಂಸ್ಕರಿಸಿದ ಎಣ್ಣೆಯನ್ನೂ ಸಿಂಥೆಟಿಕ್ ಅಂತ ಮಾರಬಹುದು. ಅಮೆರಿಕದಲ್ಲಿ ಎರಡು ದೊಡ್ಡ ಕಂಪನಿಗಳು ಇದೇ ವಿಷಯಕ್ಕೆ ಜಗಳ ಆಡಿ, 1999ರಲ್ಲಿ ಅಲ್ಲಿನ ಜಾಹೀರಾತು ಪಂಚಾಯ್ತಿ ಮಾಡುವ ಸಂಸ್ಥೆ "ಹಾಗೆ ಕರೆಯಬಹುದು" ಅಂತ ತೀರ್ಪು ಕೊಟ್ಟಿತು. ಇನ್ನು "ಸೆಮಿ" ಅಂದರೆ ಎಷ್ಟು ಪಾಲು ಸಿಂಥೆಟಿಕ್? ಡಬ್ಬದ ಮೇಲೆ ಸಾಮಾನ್ಯವಾಗಿ ಬರೆದಿರಲ್ಲ. ಅರ್ಧ ಅಂತ ಅಂದುಕೊಳ್ಳಬೇಡಿ. ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಎರಡು ಬಗೆಯದ್ದು ಬೆರೆಸಬೇಕಾಗಿ ಬಂದರೆ ಹೆದರಬೇಡಿ, ಬೆರೆಯುತ್ತವೆ. ಖಾಲಿ ಎಂಜಿನ್ ಓಡಿಸೋದಕ್ಕಿಂತ ಅದು ಸಾವಿರ ಪಾಲು ವಾಸಿ.

ಸರಿಯಾದ ಆಯಿಲ್ ತಂದಾಯ್ತು. ಎಷ್ಟು ಹಾಕಬೇಕು? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗ್ಯಾರೇಜುಗಳಲ್ಲಿ ಜಾಸ್ತಿ ತಪ್ಪಾಗೋದು ಇಲ್ಲೇ.

ಬೈಕಿನ ಪುಸ್ತಕದಲ್ಲಿ ಎರಡು ಅಳತೆ ಇರುತ್ತವೆ. ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದಾಗ ಇಷ್ಟು, ಸುಮ್ನೆ ಡ್ರೈನ್ ಮಾಡಿ ತುಂಬುವಾಗ ಇಷ್ಟು. ಎರಡನೇದು ಕಡಿಮೆ ಇರುತ್ತೆ, ಯಾಕಂದ್ರೆ ಎಷ್ಟೇ ಬಸಿದರೂ ಸಂದುಗೊಂದಿನಲ್ಲಿ ಸ್ವಲ್ಪ ಹಳೇ ಆಯಿಲ್ ಉಳಿದಿರುತ್ತೆ. ಅವಸರದಲ್ಲಿರುವ ಹುಡುಗ ಒಂದು ಲೀಟರ್ ಡಬ್ಬ ತೆಗೆದು ಪೂರ್ತಿ ಸುರಿದುಬಿಡುತ್ತಾನೆ. ಕೇಳಿದರೆ "ಜಾಸ್ತಿ ಇದ್ರೆ ಒಳ್ಳೇದು ಸಾರ್" ಅನ್ನುತ್ತಾನೆ. ಒಳ್ಳೇದಲ್ಲ. ಮಟ್ಟ ಮೀರಿದರೆ ಒಳಗೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಗಾಳಿ ಇರುತ್ತೆ, ಗಾಳಿ ಬೇರಿಂಗನ್ನು ಕಾಯಲ್ಲ. ಹೆಚ್ಚಾದದ್ದು ಎಂಜಿನ್ ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಹೋಗಿ ಅದನ್ನೂ ಒದ್ದೆ ಮಾಡುತ್ತೆ.

ಮಟ್ಟ ನೋಡೋದು ಹೀಗೆ. ಬೈಕನ್ನು ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತೆ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ಮತ್ತೆ ಅಷ್ಟೇ ಹೊತ್ತು ಕಾಯಿರಿ, ಆಯಿಲ್ ಕೆಳಗಿಳಿಯಲಿ. ಡಿಪ್ ಸ್ಟಿಕ್ ಬಿಚ್ಚಿ, ಒಳ್ಳೇ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಬಿಡಿ. ಸ್ಪ್ಲೆಂಡರಿನಂಥ ಗಾಡಿಯಲ್ಲಿ ಇಳಿಬಿಡಬೇಕು ಅಷ್ಟೇ, ತಿರುಗಿಸಿ ಬಿಗಿ ಮಾಡಬಾರದು. ಬಿಗಿ ಮಾಡಿ ನೋಡಿದರೆ ಕಡ್ಡಿ ಇನ್ನಷ್ಟು ಒಳಗೆ ಹೋಗಿ, ಇರೋದಕ್ಕಿಂತ ಜಾಸ್ತಿ ಆಯಿಲ್ ತೋರಿಸುತ್ತೆ. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಗಾಜಿನ ಕಿಟಕಿ ಇರುವ ಗಾಡಿಯಾದರೆ ಇನ್ನೂ ಸುಲಭ, ಗಾಡಿ ನೆಟ್ಟಗೆ ನಿಲ್ಲಿಸಿ ನೋಡಿದರೆ ಆಯ್ತು.

ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು ಹಾಕಿಸಿ. ಪುಡಿಗಾಸಿನ ವಸ್ತು. ಅದನ್ನು ಉಳಿಸೋಕೆ ಹೋಗಿ, ಸೋರುತ್ತೆ ಅಂತ ಬೋಲ್ಟನ್ನು ಸಿಕ್ಕಾಪಟ್ಟೆ ಬಿಗಿ ಮಾಡಿ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತುಬಿಡುತ್ತಾರೆ. ಆಮೇಲೆ ಲೇತ್ ಅಂಗಡಿಗೆ ಅಲೆಯಬೇಕು.

ಯಾವಾಗ ಬದಲಿಸಬೇಕು? ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಆಯಿಲ್ ಕಪ್ಪಾಯ್ತು ಅಂದ್ರೆ ಮಸಿಯನ್ನು ಎತ್ತಿ ತನ್ನಲ್ಲಿ ಇಟ್ಟುಕೊಂಡಿದೆ ಅಂತ ಅರ್ಥ, ಅದು ಅದರ ಕೆಲಸವೇ. ಬೆರಳಲ್ಲಿ ತಿಕ್ಕಿ "ಸತ್ತೋಗಿದೆ" ಅನ್ನುವ ಮೆಕ್ಯಾನಿಕ್ಕಿಗೆ ನಮಸ್ಕಾರ ಹಾಕಿ ಕಿಲೋಮೀಟರ್ ನೋಡಿ. ಗೇರ್ ಹಲ್ಲುಗಳ ನಡುವೆ ಸಿಕ್ಕಿ ಆಯಿಲ್ ದಿನೇ ದಿನೇ ತೆಳುವಾಗುತ್ತೆ, 50 ಇದ್ದದ್ದು 40ಕ್ಕೆ ಇಳಿದಿರಬಹುದು. ಗೇರ್ ಬೀಳೋದು ಗಟ್ಟಿಯಾಗೋದು, ನ್ಯೂಟ್ರಲ್ ಸಿಗದೇ ಸತಾಯಿಸೋದು ಇದರ ಒಂದು ಸೂಚನೆ.

ಕಿಲೋಮೀಟರ್ ಆಗದಿದ್ದರೂ ತಿಂಗಳ ಲೆಕ್ಕ ಬಿಡಬೇಡಿ. ಮೈಸೂರಿನಲ್ಲಿ ಇದು ಮುಖ್ಯ. ಕುವೆಂಪುನಗರದಿಂದ ಸರಸ್ವತಿಪುರಂಗೆ, ಅಲ್ಲಿಂದ ಮಾರ್ಕೆಟ್ಟಿಗೆ, ವಾಪಸ್ ಮನೆಗೆ. ಎಲ್ಲ ಎರಡು ಮೂರು ಕಿಲೋಮೀಟರಿನ ಓಡಾಟ. ಎಂಜಿನ್ ಪೂರ್ತಿ ಕಾಯೋದರೊಳಗೆ ಆಫ್. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಅಂಶ ಆಯಿಲಿಗೆ ಸೇರುತ್ತೆ, ಆವಿಯಾಗಿ ಹೋಗೋಕೆ ಬಿಸಿಯೇ ಸಾಲಲ್ಲ. ಮಳೆಗಾಲದಲ್ಲಿ ಆಯಿಲ್ ಮುಚ್ಚಳ ಬಿಚ್ಚಿ ಒಳಮೈ ನೋಡಿ. ಮಾಸಲು ಬಿಳಿ ಜಿಡ್ಡು ಅಂಟಿದ್ದರೆ ಅದು ನೀರು ಬೆರೆತ ಆಯಿಲ್. ಒಂದು ದಿನ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಆರಾಮಾಗಿ ಓಡಿಸಿಕೊಂಡು ಬನ್ನಿ, ಸುಮಾರು ಹೋಗುತ್ತೆ. ಹೋಗದಿದ್ದರೆ ಬದಲಿಸಿ.

ಇನ್ನೊಂದು ತುದಿಯಲ್ಲಿ ಮಂಡ್ಯದ ಹಾಲಿನ ಕ್ಯಾನಿನವರು, ಹುಲ್ಲಿನ ಹೊರೆ ಕಟ್ಟಿಕೊಂಡು ಬರುವವರು. ಭಾರ, ಮಣ್ಣಿನ ದಾರಿ, ಒಂದು ಎರಡನೇ ಗೇರಿನಲ್ಲೇ ಓಡಾಟ. ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಬಿಡುತ್ತಿಲ್ಲ, ಹಾಗಾಗಿ ಸರ್ವಿಸ್ ರಸ್ತೆಯಲ್ಲಿ ಹಂಪು, ಟ್ರ್ಯಾಕ್ಟರ್, ಎತ್ತಿನಗಾಡಿ ಹಿಂದೆ ತೆವಳುವುದೇ ಆಗಿದೆ. ಇಂಥವರು ಪುಸ್ತಕ ಹೇಳಿದ್ದಕ್ಕಿಂತ ಸ್ವಲ್ಪ ಮೊದಲೇ ಬದಲಿಸಿದರೆ ದುಡ್ಡು ದಂಡ ಅಲ್ಲ. ಹೊಸ ಬೈಕಿನ ಮೊದಲ ಸರ್ವಿಸ್ ಮಾತ್ರ ಯಾರೂ ಮುಂದೂಡಬೇಡಿ. ಹೊಸ ಎಂಜಿನ್ ಉಜ್ಜಿಕೊಂಡು ಬಿಟ್ಟ ಲೋಹದ ಪುಡಿ ಆ ಆಯಿಲಿನಲ್ಲೇ ಇರುತ್ತೆ.

ಇನ್ನು ಪ್ರಶ್ನೆಗಳು.

ಮದ್ದೂರು ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: "ಅಣ್ಣ, ಟ್ರ್ಯಾಕ್ಟ್ರು ಎಂಜಿನ್ ಆಯಿಲ್ ಇಪ್ಪತ್ ಲೀಟ್ರು ಡ್ರಮ್ಮು ಮನೇಲೇ ಬಿದ್ದದೆ. ಅದ್ನೇ ಬೈಕಿಗ್ ಬುಟ್ರೆ ಏನಾದದು?"

ಬಿಟ್ಟ ಕೂಡಲೇ ಎಂಜಿನ್ ಸೀಜ್ ಆಗಲ್ಲ ಯಜಮಾನ್ರೇ, ಅದಕ್ಕೇ ಜನ ಬಿಡುತ್ತಾ ಬಂದಿದ್ದಾರೆ. ಆದರೆ ಅದು ಸಾಮಾನ್ಯವಾಗಿ 15ಡಬ್ಲ್ಯು-40, ಡೀಸೆಲ್ ಎಂಜಿನ್ನಿನ ಮಸಿ ತಡೆಯೋಕೆ ಅಂತ ಮಾಡಿದ್ದು. ಡ್ರಮ್ಮಿನ ಮೇಲೆ ಎಪಿಐ ಮುಂದೆ ಸಿ ಅಕ್ಷರ ಇರುತ್ತೆ, ಸಿಐ-4 ಹೀಗೆ. ಬೈಕಿನ ಕ್ಲಚ್ ಜೊತೆ ಅದನ್ನು ಸಾಮಾನ್ಯವಾಗಿ ಯಾರೂ ಪರೀಕ್ಷೆ ಮಾಡಿರಲ್ಲ. ಕೆಲವು ಡ್ರಮ್ಮಿನ ಮೇಲೆ ಜಾಸೋ ಎಂಎ ಕೂಡ ಬರೆದಿರುತ್ತೆ, ಆಗ ಮಾತ್ರ ಯೋಚನೆ ಮಾಡಬಹುದು, ನಂಬರ್ ಹೊಂದಿದರೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲಂತೂ ಹತ್ತಿರಕ್ಕೂ ತರಬೇಡಿ. ನಿಮ್ಮ ಬೈಕಿಗೆ ಬೇಕಾದ್ದು ಒಂದು ಲೀಟರಿನೊಳಗೆ. ಅದರಲ್ಲಿ ಉಳಿಸಿ ಕ್ಲಚ್ ಪ್ಲೇಟಿಗೆ ಕಟ್ಟೋದು ಯಾಕೆ?

ಯೆಜ್ಡಿ ರೋಡ್‌ಕಿಂಗ್ ಇಟ್ಟುಕೊಂಡಿರುವ ಗೆಳೆಯರೊಬ್ಬರು ತಮ್ಮ ಗಾಡಿ ಬಗ್ಗೆ ಕೇಳಿದರು. ಮೈಸೂರಿನಲ್ಲಿ ಆಯಿಲ್ ಮಾತು ಯೆಜ್ಡಿ ಇಲ್ಲದೆ ಮುಗಿಯೋದುಂಟಾ? 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಆ ಗಾಡಿಗಳು ಟೂ ಸ್ಟ್ರೋಕ್. ಅದಕ್ಕೆ ಇವತ್ತು ಹೇಳಿದ 4ಟಿ, ಅಂದರೆ ಫೋರ್ ಸ್ಟ್ರೋಕ್ ಲೆಕ್ಕ ಯಾವುದೂ ಅನ್ವಯಿಸಲ್ಲ. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಉರಿದು ಹೋಗಬೇಕಾದ್ದು. ಅದರ ಜಾಸೋ ದರ್ಜೆಯೇ ಬೇರೆ, ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ. ಎಫ್‌ಸಿಯಲ್ಲಿ ಹೊಗೆ ಕಮ್ಮಿ, ಎಫ್‌ಡಿ ಪಿಸ್ಟನ್ನನ್ನು ಇನ್ನೂ ಶುಭ್ರವಾಗಿ ಇಡುತ್ತೆ. 4ಟಿ ಆಯಿಲ್ ಬೆರೆಸಿದರೆ ಪ್ಲಗ್ಗಿಗೆ, ಸೈಲೆನ್ಸರಿಗೆ ಕರಿ ಕಟ್ಟುತ್ತೆ. ಗೇರ್‌ಬಾಕ್ಸ್ ಆಯಿಲ್ ಬೇರೆ. ಆದರೆ ಯೆಜ್ಡಿಯ ಕ್ಲಚ್ ಕೂಡ ಆ ಗೇರ್‌ಬಾಕ್ಸ್ ಆಯಿಲಿನಲ್ಲೇ ಮುಳುಗಿರೋದು, ಆದ್ದರಿಂದ ಜಾರಿಸುವ ಯಾವ ಹೊಸ ಮಾಲೂ ಅಲ್ಲಿಗೆ ಬೇಡ. 2018ರ ನಂತರ ಬಂದ ಹೊಸ ಜಾವಾ, 2022ರ ಹೊಸ ಯೆಜ್ಡಿ ಫೋರ್ ಸ್ಟ್ರೋಕ್, ಅವಕ್ಕೆ ಪುಸ್ತಕ ನೋಡಿ.

ಕಾಲೇಜು ಹುಡುಗಿಯೊಬ್ಬಳು ಒಳ್ಳೇ ಪ್ರಶ್ನೆ ಕೇಳಿದಳು. "ಡಬ್ಬ ಅಸಲಿಯಾ ನಕಲಿಯಾ ಹೇಗೆ ಗೊತ್ತಾಗುತ್ತೆ ಸರ್? ಹಳೇ ಆಯಿಲ್ ಏನು ಮಾಡಬೇಕು?"

ನಕಲಿ ಮಾಡುವವರಿಗೆ ಬೇಕಾದ್ದು ಅಸಲಿ ಖಾಲಿ ಡಬ್ಬ. ಮುಚ್ಚಳದ ಕೆಳಗಿನ ಸೀಲ್ ಹರಿದಿದೆಯಾ, ಬ್ಯಾಚ್ ನಂಬರ್ ಅಳಿಸಿ ಮತ್ತೆ ಹಾಕಿದಂತಿದೆಯಾ, ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಆಗುತ್ತಾ ನೋಡಿಮ್ಮಾ. ಡಬ್ಬವನ್ನು ಕಣ್ಣ ಮುಂದೆ ತೆಗೆಸು. ಲೂಸ್ ಆಯಿಲ್ ಬೇಡ. ಬಿಲ್ ಇಟ್ಟುಕೊ, ವಾರಂಟಿಗೂ ಬೇಕಾಗುತ್ತೆ. ಖಾಲಿ ಡಬ್ಬವನ್ನು ಗುಜರಿಗೆ ಹಾಗೇ ಹಾಕಬಾರದು.

ಹಳೇ ಆಯಿಲ್ ಚರಂಡಿಗಾಗಲಿ, ನಾಲೆ ಏರಿ ಮೇಲಾಗಲಿ ಸುರಿಯೋದು ಮಹಾ ತಪ್ಪು. ಕಾನೂನಿನಲ್ಲೂ ಅದು ಅಪಾಯಕಾರಿ ತ್ಯಾಜ್ಯ. ಬರಿಗೈಯಲ್ಲಿ ಮುಟ್ಟಿದರೆ ಸೋಪು ಹಾಕಿ ತೊಳೆದುಕೊಳ್ಳಬೇಕು. ಮನೆಯಲ್ಲೇ ಆಯಿಲ್ ಬದಲಿಸುವವರು ಹೀಗೆ ಮಾಡಿ. ಹೊಸ ಆಯಿಲ್ ಸುರಿದು ಖಾಲಿಯಾದ ಡಬ್ಬಕ್ಕೇ ಹಳೇದನ್ನು ತುಂಬಿ, ಲೇಬಲ್ಲನ್ನು ಚಾಕುವಿನಲ್ಲಿ ಕೆರೆದು ಹಾಕಿ, ಮೇಲೆ ಮಾರ್ಕರಿನಲ್ಲಿ "ಹಳೇ ಆಯಿಲ್" ಅಂತ ದಪ್ಪಗೆ ಬರೆಯಿರಿ. ಮುಂದಿನ ಸಲ ಸರ್ವಿಸ್ ಸೆಂಟರಿನ ಕಡೆ ಹೋದಾಗ ಕೊಡಿ. ಅವರಲ್ಲಿ ಹಳೇ ಆಯಿಲ್ ತುಂಬಿಡುವ ಡ್ರಮ್ ಇರುತ್ತೆ, ಮರುಸಂಸ್ಕರಣೆಗೆ ಒಯ್ಯುವವರು ಬಂದು ತೆಗೆದುಕೊಂಡು ಹೋಗುತ್ತಾರೆ.